ಮಿರುಗುವ ಕಾರಿಗೊಂದು ಅಯಸ್ಕಾಂತ

ಹೊಸೂರು ರಸ್ತೆಯ ಸಿಂಗಸಂದ್ರದಲ್ಲಿ ಹಳೆಯ ಸ್ಪೋರ್ಟ್ಸ್ ಕಾರೊಂದು ಮಾರಾಟಕ್ಕಿದೆಯೆಂದು ಕೇಳಿ ಅಪ್ಪ, ಮಗ ಹೊರಟಿದ್ದಾರೆ ಎನ್ನೋಣ. ಅಪ್ಪನ ಜೇಬಿನಲ್ಲಿ ಮುಂಗಡದ ಹಣ, ಮಗನ ಜೇಬಿನಲ್ಲಿ ಶಾಲೆಯ ಪ್ರಯೋಗದ ಅಯಸ್ಕಾಂತ. ಮೊದಲು ಹೊರಬರಬೇಕಾದುದು ಅಯಸ್ಕಾಂತ.

ಹಳೆಯ ಕಾರುಗಳ ಮೈ ಬಹುಮಟ್ಟಿಗೆ ಉಕ್ಕಿನ ತಗಡು. ತುಕ್ಕು ತಿಂದ ಕಡೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಕಣ್ಣಿಗೆ ಕಾಣದು. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಗಿಲಿನ ಕೆಳ ಅಂಚಿನಲ್ಲಿ ಆಡಿಸಿ ನೋಡಿ. ಪುಟ್ಟಿ ದಪ್ಪಗಿರುವಲ್ಲಿ ಹಿಡಿತ ಸಡಿಲಾಗುತ್ತದೆ. ದೂರ ಹೆಚ್ಚಿದಂತೆ ಕಾಂತಬಲ ಬೇಗನೆ ಕುಗ್ಗುವುದೇ ಕಾರಣ.

ಈ ಉಪಾಯ ಎಲ್ಲ ಕಾರಿಗೂ ನಡೆಯದು. ಬೆಂಗಳೂರಿನ ಸ್ಯಾನ್ ಮೋಟಾರ್ಸ್ 1990ರ ದಶಕದ ಕೊನೆಯಲ್ಲಿ ತಂದ ಎರಡು ಸೀಟಿನ ‘ಸ್ಯಾನ್ ಸ್ಟಾರ್ಮ್’ಗೆ ಫೈಬರ್ ಮೈ. (ಐಷಾರಾಮಿ ಎನ್ನಲಾಗದು, ನೋಟಕ್ಕೇನೂ ಕೊರತೆಯಿರಲಿಲ್ಲ.) ಅಲ್ಲಿ ಹುಡುಕಬೇಕಾದುದು ಕೂದಲೆಳೆಯ ಬಿರುಕು.

ಎಂಜಿನ್ ತಣ್ಣಗಿದ್ದಾಗಲೇ ಚಾಲೂ ಮಾಡಿಸಬೇಕು. ಮೊದಲೇ ಬಿಸಿ ಮಾಡಿಟ್ಟಿದ್ದರೆ ಅನುಮಾನಿಸಿ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಆರಂಭದ ಬಿಳಿ ಆವಿಗೆ ಹೆದರಬೇಕಿಲ್ಲ. ಬಿಸಿಯಾದ ಮೇಲೂ ನಿಲ್ಲದಿದ್ದರೆ ರೇಡಿಯೇಟರಿನ ನೀರು ಒಳಗೆ ಸೋರುತ್ತಿರಬಹುದು.

ಪ್ರಾಣಕ್ಕೆ ಸಂಬಂಧಿಸಿದ್ದು ಬ್ರೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಅದರ ಕುದಿಬಿಂದು ಇಳಿಯುತ್ತದೆ. ಘಾಟಿ ಇಳಿಯುವಾಗ ಕುದಿದು ಗುಳ್ಳೆಯೆದ್ದರೆ, ಗುಳ್ಳೆ ಅಮುಕಿಕೊಳ್ಳುತ್ತದೆಯೇ ಹೊರತು ಒತ್ತಡವನ್ನು ಚಕ್ರಕ್ಕೆ ಮುಟ್ಟಿಸದು. ಪೆಡಲ್ ನೆಲಕ್ಕಿಳಿದರೂ ಕಾರು ನಿಲ್ಲದು. ಹಳೆಯ ಆಯಿಲ್ ಬದಲಿಸದೆ ಓಡಿಸಲೇಬಾರದು.

ಟೈರಿನ ಮೇಲಿನ ನಾಲ್ಕು ಅಂಕಿಗಳನ್ನು ಮಗ ಓದಲಿ: 2318 ಎಂದರೆ 2018ರ 23ನೇ ವಾರದ ತಯಾರಿ.

ಚಾಸಿ ನಂಬರು ಆರ್‌ಸಿ ಪುಸ್ತಕಕ್ಕೆ ತಾಳೆಯಾಗಬೇಕು. 2021ರ ನಿಯಮದಂತೆ 50 ವರ್ಷ ದಾಟಿದ ಕಾರು ‘ವಿಂಟೇಜ್’ ಎಂದು ನೋಂದಣಿಯಾಗಿದ್ದರೆ, ಅದರಲ್ಲಿ ಮಗನನ್ನು ದಿನವೂ ಶಾಲೆಗೆ ಬಿಡುವಂತಿಲ್ಲ.