ಗಣಕಯಂತ್ರಕ್ಕೆ ತಂಪು, ಕಿವಿಗೆ ನೆಮ್ಮದಿ

ಕಳೆದ ವರ್ಷ ಐದನೇ ತರಗತಿಯ ಮಕ್ಕಳಿಗೆ ಉಕ್ತಲೇಖನ ಕೊಟ್ಟಿದ್ದೆ. "ಹಕ್ಕಿ ಗೂಡಿನಿಂದ ಹಾರಿತು" ಎಂಬುದು ಮೊದಲ ವಾಕ್ಯ. ಹಿಂದಿನ ಸಾಲಿನಲ್ಲಿದ್ದ ಮೂವರು "ಅಕ್ಕಿ ಗೂಡಿನಿಂದ ಆರಿತು" ಎಂದು ಬರೆದರು. ಹಕಾರ ಬಿಡುವುದು ನಮ್ಮವರಿಗೆ ಹೊಸದೇನಲ್ಲ. ಹಳೇ ಮೈಸೂರಿನ ಕಡೆ ಎಷ್ಟೋ ಮನೆಗಳಲ್ಲಿ ಹಾಲು ಆಲಾಗಿ, ಹಸು ಅಸುವಾಗಿ ಬಹಳ ಕಾಲವಾಯಿತು. ಮನೆಯ ಮಾತೇ ಕಾರಣವಿರಬೇಕೆಂದುಕೊಂಡು ಒಬ್ಬ ಹುಡುಗನನ್ನು ಕರೆದು ಕೇಳಿದೆ. "ಇಲ್ಲ ಮಿಸ್, ನಮ್ಮ ಮನೇಲಿ ಹಕ್ಕಿ ಅಂತಾನೇ ಹೇಳೋದು. ನೀವೇ ಅಕ್ಕಿ ಅಂದ್ರಿ" ಎಂದ. ಮರುದಿನ ಅವನನ್ನು ಮೊದಲ ಸಾಲಿನಲ್ಲಿ ಕೂರಿಸಿ ಅದೇ ವಾಕ್ಯ ಹೇಳಿದೆ. ಒಂದು ತಪ್ಪೂ ಇಲ್ಲದೆ ಬರೆದ.

ಹಾಗಾದರೆ ತಪ್ಪು ಯಾರದು? ಅವನ ಬೆನ್ನ ಹಿಂದೆ ತಿರುಗುತ್ತಿದ್ದ ಫ್ಯಾನುಗಳದು.

ನಮ್ಮಂಥ ಸಮುದಾಯ ಶಾಲೆಗಳ ಪರಿಸ್ಥಿತಿ ಪಾಲಕರಿಗೆ ಗೊತ್ತಿರುವುದೇ. ಭಾಷಾ ಪಿರಿಯಡ್ ಬಂದಾಗ ತರಗತಿ ಒಡೆಯುತ್ತದೆ. ಹೆಚ್ಚು ಮಕ್ಕಳಿರುವ ಭಾಷೆಗೆ ತರಗತಿಯ ಕೊಠಡಿ, ಹತ್ತು ಹನ್ನೆರಡು ಮಕ್ಕಳ ಕನ್ನಡಕ್ಕೆ ಎಲ್ಲಿ ಜಾಗ ಖಾಲಿಯೋ ಅಲ್ಲಿ. ನಮಗೆ ಸಿಕ್ಕಿದ್ದು ಗಣಕಯಂತ್ರದ ಪ್ರಯೋಗಾಲಯದ ಅರ್ಧ ಭಾಗ. ಇನ್ನರ್ಧದಲ್ಲಿ ದೊಡ್ಡ ತರಗತಿಯವರ ಪ್ರಾಕ್ಟಿಕಲ್ ನಡೆಯುತ್ತಿರುತ್ತದೆ. ಆದ್ದರಿಂದ ಯಂತ್ರಗಳನ್ನು ಆರಿಸಿಬಿಡಿ ಎನ್ನುವಂತೆಯೂ ಇಲ್ಲ. ಇಪ್ಪತ್ತು ಯಂತ್ರಗಳು, ಇಪ್ಪತ್ತರ ಫ್ಯಾನೂ ಪೂರ್ಣ ವೇಗದಲ್ಲಿ. ಇದಕ್ಕೆ ಕಾರಣ ಕೇಳಿದಾಗ ಪ್ರಯೋಗಾಲಯ ನೋಡಿಕೊಳ್ಳುವ ನನ್ನ ಸಹೋದ್ಯೋಗಿ ನಗುತ್ತಾ, "ಟೀಚರೇ, ಇದು ಕುವೈತ್. ಬಿಸಿಯಾಗಿ ಕೆಟ್ಟರೆ ಯಾರು ಹೊಣೆ?" ಎಂದರು.

ಅವರ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. 2016ರ ಜುಲೈ 21ರಂದು ಈ ದೇಶದ ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾಗಿ, ವಿಶ್ವ ಹವಾಮಾನ ಸಂಸ್ಥೆಯೇ ಅದನ್ನು 2019ರಲ್ಲಿ ಒಪ್ಪಿಕೊಂಡಿದೆ. ಆದರೆ ಒಂದು ಮಾತು. ಗಣಕಯಂತ್ರಕ್ಕೆ ಕುವೈತಿನ ಬಿಸಿಲು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಅದಿರುವ ಕೊಠಡಿಯ ಗಾಳಿ ಮಾತ್ರ. ನಮ್ಮ ಪ್ರಯೋಗಾಲಯದಲ್ಲಿ ಎಸಿ ಇದೆ, ವರ್ಷವಿಡೀ 24 ಡಿಗ್ರಿ. ಮೇ ತಿಂಗಳಲ್ಲಿ ಎಸಿಯಿಲ್ಲದ ರಾಯಚೂರಿನ ಒಂದು ಶಾಲೆಯಲ್ಲಿರುವ ಯಂತ್ರಕ್ಕಿಂತ ನಮ್ಮದು ಎಷ್ಟೋ ಸುಖವಾಗಿದೆ.

ನಾನು ಬಿ.ಎ., ಬಿ.ಎಡ್. ಓದಿದವಳು, ವಿಜ್ಞಾನದವಳಲ್ಲ. ಆದರೂ ಈ ಲೆಕ್ಕ ಅಷ್ಟೇನೂ ಕಷ್ಟದ್ದಲ್ಲ. ಯಂತ್ರದ ಮಿದುಳಾದ ಪ್ರೊಸೆಸರ್ ವಿದ್ಯುತ್ತನ್ನು ತಿಂದು ಬಿಸಿಯಾಗುತ್ತದೆ. ಅದರ ಮೇಲೆ ಕೂತಿರುವ ಲೋಹದ ಹಲ್ಲುಗಳು ಆ ಬಿಸಿಯನ್ನು ಹೀರಿಕೊಳ್ಳುತ್ತವೆ, ಫ್ಯಾನು ಗಾಳಿಯೂದಿ ಹೊರಗೆ ಕಳಿಸುತ್ತದೆ. 65 ವಾಟ್ ಪ್ರೊಸೆಸರ್ ಒಂದಕ್ಕೆ ಫ್ಯಾನು ನಿಧಾನವಾಗಿ ತಿರುಗುವಾಗ ಪ್ರತಿ ವಾಟಿಗೆ ಅರ್ಧ ಡಿಗ್ರಿ ಏರುತ್ತದೆ ಎಂದಿಟ್ಟುಕೊಳ್ಳಿ. ಕೊಠಡಿಯ 24ಕ್ಕೆ 32 ಸೇರಿ 56 ಡಿಗ್ರಿ. ಫ್ಯಾನಿನ ವೇಗವನ್ನು ಎರಡರಷ್ಟು ಮಾಡಿದಾಗ ಅದು ಪ್ರತಿ ವಾಟಿಗೆ 0.4 ಡಿಗ್ರಿಗೆ ಇಳಿಯಿತೆನ್ನಿ. ಆಗ 50 ಡಿಗ್ರಿ. ಲಾಭ ಆರೇ ಆರು ಡಿಗ್ರಿ. ಬಿಸಿ ಪಾಯಸಕ್ಕೆ ಮೆಲ್ಲಗೆ ಊದಿದರೂ ಆರುತ್ತದೆ, ಕೆನ್ನೆ ಉಬ್ಬಿಸಿ ಊದಿದರೆ ಎರಡರಷ್ಟು ಬೇಗ ಆರುವುದಿಲ್ಲ, ಮೇಜಿನ ಮೇಲೆ ಚೆಲ್ಲುತ್ತದೆ ಅಷ್ಟೆ.

ಈ ಆರು ಡಿಗ್ರಿಗೆ ನಾವು ತೆರುವ ಬೆಲೆ ಮಾತ್ರ ದೊಡ್ಡದು. ಫ್ಯಾನಿನ ವೇಗ ಎರಡರಷ್ಟಾದರೆ ಅದರ ಸದ್ದು ಸುಮಾರು 15 ಡೆಸಿಬಲ್ ಏರುತ್ತದೆ. ಹತ್ತು ಡೆಸಿಬಲ್ ಏರಿದರೆ ನಮ್ಮ ಕಿವಿಗೆ ಸದ್ದು ಹೆಚ್ಚುಕಡಿಮೆ ಇಮ್ಮಡಿಯಾದಂತೆ ಕೇಳಿಸುತ್ತದೆ. ಒಂದು ಯಂತ್ರ 38 ಡೆಸಿಬಲ್ ಸದ್ದು ಮಾಡಿದರೆ ಇಪ್ಪತ್ತು ಯಂತ್ರ ಸೇರಿ ಇಪ್ಪತ್ತು ಪಟ್ಟು ಡೆಸಿಬಲ್ ಆಗುವುದಿಲ್ಲ, 13 ಮಾತ್ರ ಕೂಡಿ 51 ಆಗುತ್ತದೆ. ಸಮಾಧಾನದ ಮಾತೆಂದುಕೊಳ್ಳಬೇಡಿ. ಪಾಠ ಮಾಡುವ ಟೀಚರ ದನಿ ಒಂದು ಮೀಟರ್ ದೂರದಲ್ಲಿ ಸುಮಾರು 65 ಡೆಸಿಬಲ್. ದೂರ ಇಮ್ಮಡಿಸಿದಂತೆಲ್ಲ ಆರು ಆರು ಇಳಿದು, ಗೋಡೆಗಳ ಪ್ರತಿಧ್ವನಿಯನ್ನು ಬಿಟ್ಟರೆ, ನಾಲ್ಕು ಮೀಟರ್ ದೂರದ ಬೆಂಚಿಗೆ 53 ಮುಟ್ಟುತ್ತದೆ. ಫ್ಯಾನುಗಳ ಸದ್ದು 51, ನನ್ನ ದನಿ 53. ಸ್ಥೂಲ ಲೆಕ್ಕವೇ ಇರಬಹುದು, ಆದರೆ ಹಿಂದಿನ ಬೆಂಚಿನ ಹುಡುಗನಿಗೆ ಹಕ್ಕಿ ಅಕ್ಕಿಯಾಗಿ ಕೇಳಿದ್ದು ಏಕೆಂದು ನನಗೆ ಅರ್ಥವಾಯಿತು. ಮಕ್ಕಳಿಗೆ ಮಾತು ಸ್ಪಷ್ಟವಾಗಿ ಕೇಳಬೇಕಾದರೆ ದನಿಯು ಸುತ್ತಲಿನ ಸದ್ದಿಗಿಂತ 15 ಡೆಸಿಬಲ್ ಮೇಲಿರಬೇಕೆಂದು ಶ್ರವಣ ತಜ್ಞರು ಹೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 1999ರ ತನ್ನ ಮಾರ್ಗಸೂಚಿಯಲ್ಲಿ ಪಾಠ ನಡೆಯುವಾಗ ತರಗತಿಯ ಹಿನ್ನೆಲೆ ಸದ್ದು 35 ಡೆಸಿಬಲ್ ಮೀರಬಾರದು ಎಂದಿದೆ.

ಫ್ಯಾನಿನ ಸದ್ದು ಗಾಳಿಯ ಸದ್ದು. ನಮ್ಮ ಹಕಾರವೂ ಉಸಿರೇ. ಗಾಳಿಯಲ್ಲಿ ಗಾಳಿ ಬೆರೆತರೆ ಹುಡುಕುವುದು ಹೇಗೆ? ಅಲ್ಪಪ್ರಾಣ ಮಹಾಪ್ರಾಣಗಳ ವ್ಯತ್ಯಾಸವೂ ಹಾಗೆಯೇ, ಒಂದು ಸಣ್ಣ ಉಸಿರಿನದು. ದೊಡ್ಡವರು ಸಂದರ್ಭ ನೋಡಿ ಊಹಿಸಿಕೊಳ್ಳುತ್ತಾರೆ. ಊರಿನಲ್ಲಿರುವ ಮಗುವಾದರೆ ಅಂಗಡಿಯಲ್ಲಿ, ಬಸ್ಸಿನಲ್ಲಿ, ಅಜ್ಜಿಯ ಬಾಯಲ್ಲಿ ಅದೇ ಪದವನ್ನು ಮತ್ತೆ ಮತ್ತೆ ಕೇಳಿ ತಿದ್ದಿಕೊಳ್ಳುತ್ತದೆ. ಇಲ್ಲಿನ ಮಗುವಿಗೆ ಬರಹದ ಕನ್ನಡ ಕಿವಿಗೆ ಬೀಳುವುದು ವಾರಕ್ಕೆ ಮೂರೋ ನಾಲ್ಕೋ ಪಿರಿಯಡ್. ಅದನ್ನೂ ಫ್ಯಾನಿಗೆ ಒಪ್ಪಿಸಿದರೆ ಹೇಗೆ?

ನನ್ನ ಅಭಿಪ್ರಾಯ ಇಷ್ಟೆ. ಯಂತ್ರಕ್ಕೆ ಬೇಕಾದಷ್ಟು ತಂಪು ಕೊಡೋಣ, ಅದಕ್ಕಿಂತ ಹೆಚ್ಚು ಬೇಡ. ಇಂದಿನ ಪ್ರೊಸೆಸರುಗಳು 95, 100 ಡಿಗ್ರಿಯ ಮಿತಿ ಇಟ್ಟುಕೊಂಡೇ ತಯಾರಾಗುತ್ತವೆ. ಆ ಮಿತಿ ಬಂದರೆ ತಾವೇ ವೇಗ ತಗ್ಗಿಸಿಕೊಂಡು ತಮ್ಮನ್ನು ಕಾಪಾಡಿಕೊಳ್ಳುತ್ತವೆ. ಕೆಲಸದ ವೇಳೆ 70 ಡಿಗ್ರಿ ತೋರಿಸಿದರೆ ಗಾಬರಿಪಡಬೇಕಾದ್ದಿಲ್ಲ. ನಮಗೆ ನೂರೆರಡು ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೆ ಒದ್ದೆಬಟ್ಟೆ ಹಾಕುತ್ತೇವಲ್ಲ, ಆ ಅಭ್ಯಾಸದಿಂದಲೋ ಏನೋ ಯಂತ್ರದ ಅಂಕಿ ನೋಡಿದರೂ ಹೆದರುತ್ತೇವೆ. ಒಂಬತ್ತನೇ ತರಗತಿಯ ಹುಡುಗನೊಬ್ಬ "ನನ್ನ ಸಿಸ್ಟಮ್ ನಲವತ್ತೈದು ದಾಟೋದೇ ಇಲ್ಲ ಮಿಸ್" ಎಂದು ಹೆಮ್ಮೆಯಿಂದ ಹೇಳಿದ. ಅದೇ ಕೋಣೆಯಲ್ಲಿ ಮಲಗುವ ಅವನ ತಂಗಿಗೆ ನಿದ್ದೆ ಬರುವುದಿಲ್ಲ ಎಂದು ಅವರ ತಾಯಿ ಪಾಲಕರ ಸಭೆಯಲ್ಲಿ ಹೇಳಿದ್ದು ನನಗೆ ನೆನಪಾಯಿತು.

ಹಾಗೆಂದು ಫ್ಯಾನೇ ಬೇಡ ಎನ್ನುವ ಅತಿಯೂ ಸಲ್ಲದು. ಸ್ಟೀವ್ ಜಾಬ್ಸ್ ಅವರಿಗೆ ಫ್ಯಾನಿನ ಸದ್ದು ಆಗುತ್ತಿರಲಿಲ್ಲ. 1980ರಲ್ಲಿ ಬಂದ ಆಪಲ್ 3 ಯಂತ್ರಕ್ಕೆ ಫ್ಯಾನು ಇಡಲಿಲ್ಲ. ಒಳಗಿನ ಚಿಪ್ಪುಗಳು ತಮ್ಮ ಜಾಗದಿಂದ ಸಡಿಲಗೊಂಡು ತೊಂದರೆ ಕೊಟ್ಟವು. ಯಂತ್ರವನ್ನು ಸ್ವಲ್ಪ ಮೇಲೆತ್ತಿ ಮೇಜಿನ ಮೇಲೆ ಕುಕ್ಕಿದರೆ ಸರಿಹೋಗುತ್ತದೆ ಎಂದು ಗ್ರಾಹಕರಿಗೆ ಹೇಳುವ ಕಾಲ ಬಂದಿತ್ತಂತೆ! ನಮ್ಮ ಹಳೆಯ ರೇಡಿಯೋಗೆ ಅಪ್ಪ ಮಾಡುತ್ತಿದ್ದ ಚಿಕಿತ್ಸೆಯೂ ಅದೇ. 2004ರ ಹೊಸ ಪೆಂಟಿಯಂ 4 ಪ್ರೊಸೆಸರುಗಳಲ್ಲಿ ಕೆಲವು 115 ವಾಟಿನವರೆಗೂ ಬಿಸಿ ಕಾರುತ್ತಿದ್ದವು, ಆಗಿನ ಸೈಬರ್ ಸೆಂಟರುಗಳ ಭರಾಟೆ ನೆನಪಿದ್ದವರಿಗೆ ನೆನಪಿರಬಹುದು. 2006ರಲ್ಲಿ ಬಂದ ಕೋರ್ 2 ಡ್ಯುಯೊ 65 ವಾಟಿಗೆ ಇಳಿಯಿತು. ಕಡಿಮೆ ಬಿಸಿ ಮಾಡುವ ಯಂತ್ರವನ್ನು ಕೊಳ್ಳುವುದೇ ಮೊದಲ ಶಾಂತಿ.

ಇರುವ ಯಂತ್ರಕ್ಕೆ ಮಾಡಬೇಕಾದ್ದು ಧೂಳು ತೆಗೆಯುವ ಕೆಲಸ. ಬಿಸಿಲು ಎಸಿಯ ಮುಂದೆ ಸೋಲುತ್ತದೆ, ಧೂಳು ಸೋಲುವುದಿಲ್ಲ. ಬೇಸಿಗೆಯಲ್ಲಿ ಶಮಾಲ್ ಗಾಳಿ ಬೀಸಿದಾಗ ಕಿಟಕಿ ಮುಚ್ಚಿದ್ದರೂ ಮೇಜಿನ ಮೇಲೆ ಬೆರಳಿನಿಂದ ಹೆಸರು ಬರೆಯಬಹುದು. ಆ ಹಿಟ್ಟಿನಂಥ ಧೂಳು ಲೋಹದ ಹಲ್ಲುಗಳ ನಡುವೆ ಹೋಗಿ ಕಂಬಳಿ ಹೊದಿಸುತ್ತದೆ. ಚಳಿಗಾಲದ ರಜೆಯಲ್ಲಿ ನನ್ನ ಸಹೋದ್ಯೋಗಿಯನ್ನು ಕಾಡಿ ಬೇಡಿ ಒಂದು ಯಂತ್ರ ಬಿಚ್ಚಿಸಿದೆ. ಫ್ಯಾನಿನ ಹಿಂದೆ ಬೂದು ಬಣ್ಣದ ಒಂದು ಪದರ, ಚಾಪೆಯಂತೆ ಎತ್ತಿ ತೆಗೆಯುವಷ್ಟು! ಯಂತ್ರದ ವಿದ್ಯುತ್ ತೆಗೆದು, ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದು ಬ್ಲೋವರಿನಿಂದ ಊದಿದರು. ಒಣಗಿ ಸುಣ್ಣದಂತಾಗಿದ್ದ ಥರ್ಮಲ್ ಪೇಸ್ಟನ್ನು ಒರೆಸಿ ಹೊಸದನ್ನು ಹಚ್ಚಿದರು. ಆಮೇಲೆ ಬಯಾಸಿನಲ್ಲಿ ಫುಲ್ ಸ್ಪೀಡ್ ತೆಗೆದು, 60 ಡಿಗ್ರಿಯವರೆಗೆ ನಿಧಾನ, ಅಲ್ಲಿಂದ ಮೇಲೆ ಹಂತಹಂತವಾಗಿ ವೇಗ ಎಂದು ಹೊಂದಿಸಿದರು. ಒಂದೆರಡು ಡಿಗ್ರಿ ಏರಿಳಿದಾಗೆಲ್ಲ ಫ್ಯಾನು ಕೂಗಿ ಸುಮ್ಮನಾಗುವಂತಾದರೆ ಅದು ಒಂದೇ ಸಮನೆ ಬರುವ ಸದ್ದಿಗಿಂತ ಹೆಚ್ಚು ಕಾಡುತ್ತದೆ. ಅದಕ್ಕಾಗಿ ವೇಗ ಬದಲಾಗುವ ಮೊದಲು ಕೆಲವು ಸೆಕೆಂಡು ತಡೆಯುವಂತೆಯೂ ಇಟ್ಟರು. ಮೊದಲು ಕೆಲಸವಿಲ್ಲದಾಗ 41 ಡಿಗ್ರಿ ಇದ್ದದ್ದು 46 ಆಯಿತು, ಪೂರ್ತಿ ಕೆಲಸ ಕೊಟ್ಟಾಗ 67. ಸದ್ದು? ಪಕ್ಕದಲ್ಲಿ ನಿಂತು, ಆನ್ ಆಗಿದೆಯೇ ಎಂದು ದೀಪ ನೋಡಬೇಕಾಯಿತು.

ಸಹೋದ್ಯೋಗಿಯ ಇನ್ನೊಂದು ಆಕ್ಷೇಪ ನ್ಯಾಯವಾದದ್ದೇ. ಬಿಸಿ ಹೆಚ್ಚಾದರೆ ಬಿಡಿಭಾಗಗಳ ಆಯಸ್ಸು ತಗ್ಗುತ್ತದೆ, ಅದರಲ್ಲೂ ಕೆಪಾಸಿಟರುಗಳದು ಪ್ರತಿ ಹತ್ತು ಡಿಗ್ರಿಗೆ ಅರ್ಧದಷ್ಟಾಗುತ್ತದೆ ಎಂಬ ಅಂದಾಜು ಆ ವೃತ್ತಿಯವರಲ್ಲಿ ಇದೆ. ನಾನು ಅಲ್ಲಗಳೆಯುವುದಿಲ್ಲ. ಆದರೆ ಹಾರ್ಡ್ ಡಿಸ್ಕುಗಳ ಬಗ್ಗೆ ಗೂಗಲ್ ಸಂಸ್ಥೆಯವರು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೀರಾ ಹೆಚ್ಚಿನ ಬಿಸಿಯನ್ನು ಬಿಟ್ಟರೆ, ತಂಪಾಗಿದ್ದಷ್ಟೂ ಬಾಳಿಕೆ ಹೆಚ್ಚು ಎಂಬುದು ಕಂಡುಬರಲಿಲ್ಲ. ಹೇಗಿದ್ದರೂ ಐದಾರು ಡಿಗ್ರಿಯಿಂದ ಯಂತ್ರ ಒಂದು ವರ್ಷ ಮೊದಲೇ ಹಳತಾಗುವುದಿದ್ದರೆ ಆಗಲಿ. ಯಂತ್ರವನ್ನು ಬದಲಾಯಿಸಬಹುದು, ಐದನೇ ತರಗತಿ ಮತ್ತೊಮ್ಮೆ ಬರುವುದಿಲ್ಲ.

ಎಸಿಯ ಸದ್ದಿಲ್ಲವೇ ಎಂದು ಕೆಲವರು ಕೇಳಿದರು. ಇದೆ. ಅದನ್ನು ಈ ಊರಿನಲ್ಲಿ ಆರಿಸಲಾಗದು, ತಗ್ಗಿಸಬಹುದಾದ್ದನ್ನಾದರೂ ತಗ್ಗಿಸೋಣ.

ಮನೆಯಲ್ಲಿ ಡೆಸ್ಕ್‌ಟಾಪ್ ಇಟ್ಟವರಿಗೂ ಒಂದು ಮಾತು. ಕ್ಯಾಬಿನೆಟ್ಟಿಗೆ ಹೊದಿಸಿದ ಕಸೂತಿ ಬಟ್ಟೆಯನ್ನು ದಯವಿಟ್ಟು ಯಂತ್ರ ನಡೆಯುವಾಗ ತೆಗೆಯಿರಿ. ಗೋಡೆಗೆ ಒತ್ತಿ ಇಡಬೇಡಿ, ನೆಲದ ಕಾರ್ಪೆಟ್ಟಿನ ಮೇಲೂ ಬೇಡ. ಹೊಸ ಫ್ಯಾನು ಕೊಳ್ಳುವುದಿದ್ದರೆ, ಜಾಗವಿದ್ದಲ್ಲಿ ದೊಡ್ಡದನ್ನೇ ಕೊಳ್ಳಿ. 120 ಮಿಲಿಮೀಟರಿನದು ನಿಧಾನವಾಗಿ ತಿರುಗಿ ಕೊಡುವಷ್ಟು ಗಾಳಿಯನ್ನು 80 ಮಿಲಿಮೀಟರಿನದು ಕಿರುಚಿ ಕೊಡಬೇಕಾಗುತ್ತದೆ.

ನಮ್ಮ ಪ್ರಯೋಗಾಲಯದಲ್ಲಿ ಈವರೆಗೆ ಎಂಟು ಯಂತ್ರ ಮುಗಿದಿವೆ, ಎಂಟೂ ಕನ್ನಡದ ಮಕ್ಕಳು ಕೂರುವ ಕಡೆಯವು. ಉಳಿದ ಹನ್ನೆರಡನ್ನು ಬೇಸಿಗೆ ರಜೆಗೆ ಮುನ್ನ ಮಾಡಿಕೊಡುವುದಾಗಿ ಸಹೋದ್ಯೋಗಿ ಒಪ್ಪಿದ್ದಾರೆ. ಬ್ರಷ್ ಹಿಡಿಯಲು ಒಂಬತ್ತನೇ ತರಗತಿಯ ಆ ನಲವತ್ತೈದು ಡಿಗ್ರಿಯ ಹುಡುಗ ಬರುತ್ತೇನೆಂದಿದ್ದಾನೆ.