ಅರ್ಥವಾಗಲಿಲ್ಲ ಎನ್ನಲು ನಾಚಿಕೆ ಏಕೆ?

‘ಲೂಸಿಯಾ’ ಸಿನಿಮಾ ಮೊದಲ ಸಲ ನೋಡಿದಾಗ ನನಗೆ ಅರ್ಧವೂ ಅರ್ಥವಾಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಅಣ್ಣ ‘ಹೆಂಗಿತ್ತು?’ ಎಂದ. ‘ಭಾಳ ಛಲೋ ಇತ್ತು’ ಎಂದು ಸುಳ್ಳು ಹೇಳಿದೆ. ಆಮೇಲೆ ಗುಟ್ಟಾಗಿ ಯೂಟ್ಯೂಬ್‌ನಲ್ಲಿ ಅದರ ಅರ್ಥ ವಿವರಿಸುವ ವಿಡಿಯೊ ಹುಡುಕಿದೆ. ಹತ್ತು ನಿಮಿಷದಲ್ಲಿ ಉತ್ತರ ಸಿಕ್ಕಿತು. ಆದರೆ ಸಿನಿಮಾ ಬಗ್ಗೆ ಯೋಚಿಸುವುದೂ ಅಲ್ಲಿಗೇ ನಿಂತುಹೋಯಿತು.

ಪವನ್ ಕುಮಾರ್ ನಿರ್ದೇಶನದ ಈ ಚಿತ್ರ ಬಂದದ್ದು 2013ರಲ್ಲಿ. ನಿರ್ಮಾಪಕರು ಸಿಗದಿದ್ದಾಗ ಅವರು ಅಂತರ್ಜಾಲದಲ್ಲಿ ಜನರನ್ನೇ ಕೇಳಿದರು. ನೂರಕ್ಕೂ ಹೆಚ್ಚು ಮಂದಿ ಹಣ ಹಾಕಿದರು. ಅದೇ ವರ್ಷ ಲಂಡನ್ ಭಾರತೀಯ ಚಲನಚಿತ್ರೋತ್ಸವದಲ್ಲಿ ಅದು ಪ್ರೇಕ್ಷಕರ ಪ್ರಶಸ್ತಿ ಪಡೆಯಿತು.

ಸತೀಶ್ ನೀನಾಸಂ ಮಾಡಿರುವ ನಿಕ್ಕಿ, ಚಿತ್ರಮಂದಿರದಲ್ಲಿ ಟಾರ್ಚ್ ಬಿಟ್ಟು ಸೀಟು ತೋರಿಸುವ ಹುಡುಗ. ಅವನಿಗೆ ನಿದ್ದೆ ಬರುವುದಿಲ್ಲ. ‘ಲೂಸಿಯಾ’ ಎಂಬ ಮಾತ್ರೆ ನುಂಗಿದರೆ ಬೇಕಾದ ಕನಸು ಬೀಳುತ್ತದೆ, ನಿನ್ನೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಆ ಕನಸಿನಲ್ಲಿ ಅವನು ಸಿನಿಮಾ ಹೀರೊ.

ಮಾತ್ರೆ ಕಲ್ಪನೆ. ಆದರೆ ಕನಸಿನೊಳಗಿದ್ದೇ ‘ಇದು ಕನಸು’ ಎಂದು ತಿಳಿಯುವುದು ಕಲ್ಪನೆಯಲ್ಲ. ಅದಕ್ಕೆ ಲೂಸಿಡ್ ಡ್ರೀಮ್ ಎನ್ನುತ್ತಾರೆ. ಅಂಥ ನಿದ್ದೆಯಲ್ಲಿ ಕೈಕಾಲು ಅಲುಗುವುದಿಲ್ಲ, ಕಣ್ಣುಗುಡ್ಡೆ ಮಾತ್ರ ಹೊರಳುತ್ತದೆ. 1975ರಲ್ಲಿ ಇಂಗ್ಲೆಂಡಿನ ಕೀತ್ ಹರ್ನ್ ಎಂಬ ಸಂಶೋಧಕರು, ನಿದ್ದೆಯಲ್ಲಿದ್ದ ವ್ಯಕ್ತಿಯೊಬ್ಬ ಮೊದಲೇ ಮಾತಾಡಿಕೊಂಡಂತೆ ಕಣ್ಣು ಹೊರಳಿಸಿ ಕೊಟ್ಟ ಸಂಕೇತವನ್ನು ಯಂತ್ರದಲ್ಲಿ ದಾಖಲಿಸಿದರು.

ಸಿನಿಮಾ ನೋಡದವರು ಈ ಪ್ಯಾರಾ ಬಿಟ್ಟು ಮುಂದಿನದನ್ನು ಓದಿ. ಎರಡನೇ ಸಲ ನೋಡುವಾಗ ನಾನು ಬಣ್ಣ ಗಮನಿಸಿದೆ. ಟಾರ್ಚ್ ಹುಡುಗನ ಬದುಕು ಬಣ್ಣದಲ್ಲಿದೆ, ಹೀರೊನ ಬದುಕು ಕಪ್ಪು-ಬಿಳುಪಿನಲ್ಲಿದೆ. ಕಪ್ಪು-ಬಿಳುಪೇ ಕನಸು ಎಂದುಕೊಂಡಿದ್ದೆ. ಕೊನೆಗೆ ಎಲ್ಲ ಉಲ್ಟಾ ಆಗುತ್ತದೆ. ಹೀರೊ ನಿಜ, ಟಾರ್ಚ್ ಹುಡುಗ ಅವನ ಕನಸು. ನಿರ್ದೇಶಕರು ನಂಬಿಸಿದ್ದು ಹೌದು, ಆದರೆ ನಾನು ಅಷ್ಟು ಸುಲಭವಾಗಿ ನಂಬಿದ್ದೇಕೆ? ಬಡವನೇ ಕನಸು ಕಾಣುವವನು, ದೊಡ್ಡ ಊರು, ಹೆಸರು, ಕಾರು ಇವೇ ಕನಸು ಎಂಬುದು ನನ್ನ ತಲೆಯಲ್ಲಿ ಮೊದಲೇ ಇತ್ತು. ವಿಡಿಯೊ ಉತ್ತರ ಕೊಟ್ಟಿತ್ತು, ಈ ಪ್ರಶ್ನೆ ಕೊಟ್ಟಿರಲಿಲ್ಲ. ನನ್ನದೊಂದು ತಕರಾರೂ ಇದೆ. ಬಡತನ ಅಷ್ಟು ಬಣ್ಣಬಣ್ಣವಾಗಿ ಕಾಣುವುದು ದುಡ್ಡಿದ್ದವನ ಕನಸಿನಲ್ಲಿ ಮಾತ್ರ. ದಿನವೂ ಟಾರ್ಚ್ ಹಿಡಿಯುವವನನ್ನು ಕೇಳಿದರೆ ಬೇರೆಯೇ ಹೇಳಬಹುದು.

ತರಗತಿಯಲ್ಲೂ ನಾವು ಹೀಗೇ ಅಲ್ಲವೇ? ‘ಅರ್ಥ ಆಯ್ತಾ?’ ಎಂದು ಸರ್ ಕೇಳಿದರೆ ಎಲ್ಲರೂ ತಲೆಯಾಡಿಸುತ್ತೇವೆ, ಆಮೇಲೆ ಗೈಡ್ ತೆರೆಯುತ್ತೇವೆ. ಗೈಡ್ ತಪ್ಪಲ್ಲ. ನಾವೇ ಒಂದಿಷ್ಟು ಒದ್ದಾಡುವ ಮೊದಲೇ ಅದನ್ನು ತೆರೆಯುವುದು ತಪ್ಪು.

ಸ್ನೇಹಿತರೇ, ತಲೆ ಕೆಡಿಸುವ ಸಿನಿಮಾ ಸಿಕ್ಕರೆ ಎರಡು ಸಲ ನೋಡಿ. ಗೆಳೆಯರೊಡನೆ ಜಗಳವಾಡಿ. ವಿಡಿಯೊ ಆಮೇಲೆ ಇದ್ದೇ ಇದೆ. ಮುಂದಿನ ಸಲ ಅಣ್ಣ ಕೇಳಿದರೆ ನಾನು ‘ನನಗ ತಿಳೀಲಿಲ್ಲ, ಇನ್ನೊಮ್ಮೆ ನೋಡೋಣು’ ಎನ್ನುತ್ತೇನೆ. ಸರ್ ಕೇಳಿದಾಗಲೂ ಕೈಯೆತ್ತುತ್ತೇನೆ.