ಬೀಜಕ್ಕೆ ಬಿಟ್ಟ ಸೌತೆ

ಪತ್ತನಾಜೆ ಮುಗಿಯಿತು. ಕರಾವಳಿಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಘಟ್ಟದ ಮೇಲಿನವರಿಗಾಗಿ ಹೇಳುತ್ತೇನೆ. ತುಳುವರ ಬೇಷ ತಿಂಗಳ ಹತ್ತನೇ ದಿನವೇ ಪತ್ತನಾಜೆ. ಮೇ 24ರ ಆಸುಪಾಸಿನಲ್ಲಿ ಬರುತ್ತದೆ. ಅಂದು ಯಕ್ಷಗಾನ ಮೇಳದವರು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತಾರೆ. ಕೋಲ, ನೇಮಗಳೂ ಅಲ್ಲಿಗೆ ನಿಲ್ಲುತ್ತವೆ. ನಮ್ಮ ಮನೆಯಲ್ಲಿ ಅಂದಿನಿಂದ ಇನ್ನೊಂದು ಕೆಲಸ ಹತ್ತುತ್ತದೆ: ಬೇಸಿಗೆಯ ತರಕಾರಿ ಸಾಲನ್ನು ಖಾಲಿ ಮಾಡುವುದು.

ಹೋದ ವಾರ ಹಲಸಿನ ಹಪ್ಪಳದ ಕತೆ ಬರೆದಿದ್ದೆ. ಆ ಹಪ್ಪಳ ಒಣಗಿ ಡಬ್ಬಿ ಸೇರಿತು, ಅರ್ಧ ಡಬ್ಬಿ ಖಾಲಿಯೂ ಆಯಿತು. ಈ ವಾರವೆಲ್ಲ ನಾನೂ ಮೊಮ್ಮಗಳು ಪುಟ್ಟಿಯೂ ಹಿತ್ತಿಲಿನಲ್ಲೇ. ಅವಳಿಗೆ ಬೆಂಗಳೂರಿನಲ್ಲಿ ಶಾಲೆ ಶುರುವಾಗಲು ಇನ್ನು ಐದೇ ದಿನ. ನನಗೆ ಮಳೆ ಶುರುವಾಗಲು ಎಷ್ಟು ದಿನ ಎಂದು ಆಕಾಶವೇ ಹೇಳಬೇಕು. ಜೂನ್ ಮೊದಲ ವಾರ ಎಂಬುದು ಲೆಕ್ಕ. ಆದರೆ ಸಂಜೆಯಾದರೆ ಪಡುವಣದಲ್ಲಿ ಮೋಡ ಕಟ್ಟುತ್ತದೆ, ಗುಡುಗುತ್ತದೆ, ನಾಲ್ಕು ಹನಿ ಉದುರಿಸಿ ಹೋಗುತ್ತದೆ. ಒಂದು ದಿನ ಹಾಗೆ ಹೋಗದೆ ನಿಂತುಬಿಟ್ಟರೆ ನೆಲದ ಮೇಲೆ ಬಿದ್ದ ಸೌತೆಕಾಯಿ ಎರಡೇ ದಿನದಲ್ಲಿ ಕೊಳೆಯುತ್ತದೆ.

ಬಾವಿಯ ಪಕ್ಕ ಆರು ಸಾಲು ನಮ್ಮದು. ಒಂದರಲ್ಲಿ ಹರಿವೆ, ಒಂದರಲ್ಲಿ ಬೆಂಡೆ, ಚಪ್ಪರಕ್ಕೆ ಹೀರೆ, ಕೋಲಿಗೆ ಹಬ್ಬಿದ ಅಲಸಂಡೆ, ಮಿಕ್ಕ ಎರಡು ಸಾಲಿನಲ್ಲಿ ಸೌತೆ. ಸೌತೆ ಎಂದರೆ ಹಸಿಯಾಗಿ ಉಪ್ಪು ಸವರಿ ತಿನ್ನುವುದಲ್ಲ, ಹಳದಿ ಮೈಯ ಮೇಲೆ ಪಟ್ಟೆ ಎಳೆದ ಸಾಂಬಾರು ಸೌತೆ; ಪೇಟೆಯಲ್ಲಿ ಮಂಗಳೂರು ಸೌತೆ ಎನ್ನುತ್ತಾರೆ. ಈಗ ಬಳ್ಳಿ ಒಣಗಿ ಹಗ್ಗದ ಹಾಗಾಗಿದೆ. ಹಾಸಿದ ತೆಂಗಿನ ಮಡಲಿನ ಮೇಲೆ ಕಾಯಿಗಳು ಮಲಗಿವೆ.

ಮೊದಲ ದಿನವೇ ಪುಟ್ಟಿ ಒಂದು ಕಾಯಿಯ ಹತ್ತಿರ ನಿಂತಳು. ಅದರ ತೊಟ್ಟಿಗೆ ಕೆಂಪು ಬಟ್ಟೆಯ ಚೂರು ಕಟ್ಟಿತ್ತು.

"ಅಜ್ಜ, ಇದಕ್ಕೆ ಎಂತಕ್ಕೆ ರಿಬ್ಬನ್?"

"ಅದು ಬೀಜಕ್ಕೆ ಬಿಟ್ಟದ್ದು. ಅದನ್ನು ಯಾರೂ ಮುಟ್ಟಬಾರದು."

"ಅಷ್ಟು ಚಂದ ಉಂಟಲ್ಲ, ಅದನ್ನೇ ನಾವು ಊರಿಗೆ ತಕೊಂಡು ಹೋಗುವ. ಬೀಜಕ್ಕೆ ಆ ಸಣ್ಣದು ಸಾಕು."

ನಾನು ಅವಳನ್ನು ಬಾವಿಕಟ್ಟೆಯ ಮೇಲೆ ಕೂರಿಸಿ ಹೋದ ವರ್ಷದ ನನ್ನ ದಡ್ಡತನವನ್ನು ಹೇಳಿದೆ. ಇದೇ ಮಾತನ್ನು ಹೋದ ವರ್ಷ ನಾನೂ ಆಡಿದ್ದೆ, ನನಗೆ ನಾನೇ.

ಪುಟ್ಟಿಯ ಅಜ್ಜಿ ತೀರಿಕೊಂಡು ಈ ಆಟಿಗೆ ಎರಡು ವರ್ಷ. ತರಕಾರಿ ಸಾಲಿಗೆ ನೀರು ಹೊರುವುದು, ಸುಡುಮಣ್ಣು ಹಾಕುವುದು, ಚಪ್ಪರ ಕಟ್ಟುವುದು ನನ್ನ ಕೆಲಸವಾಗಿತ್ತು. ಬೀಜ ಅವಳದು. ಈ ಸೌತೆಯ ಬೀಜವನ್ನು ಅವಳು ಮದುವೆಯಾದ ವರ್ಷ ತವರಿನಿಂದ ಸೆರಗಿನ ತುದಿಗೆ ಕಟ್ಟಿ ತಂದದ್ದು. ಪ್ರತಿ ಮೇ ತಿಂಗಳಲ್ಲಿ ಏನೋ ಮಾಡಿ ಎಲ್ಲೋ ಇಡುತ್ತಿದ್ದಳು, ಜನವರಿಯಲ್ಲಿ ಎಲ್ಲಿಂದಲೋ ತೆಗೆದು ಕೈಗೆ ಕೊಡುತ್ತಿದ್ದಳು. ಏನು, ಎಲ್ಲಿ ಎಂದು ನಲವತ್ತು ವರ್ಷದಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ.

ಅವಳು ಇಲ್ಲದ ಮೊದಲ ಬೇಸಿಗೆಯಲ್ಲಿ ಅವಳು ಇಟ್ಟಿದ್ದ ಬೀಜವನ್ನೆಲ್ಲ ಹಾಕಿದೆ. ಚೆನ್ನಾಗಿಯೇ ಬೆಳೆಯಿತು. ಒಳ್ಳೆಯ ಕಾಯಿಯನ್ನೆಲ್ಲ ತಿಂದೆವು, ನೆಂಟರಿಗೆ ಕೊಟ್ಟೆವು. ಕೊನೆಗೆ ಬಳ್ಳಿಯ ತುದಿಯಲ್ಲಿ ಉಳಿದ ಎರಡು ಸೊಟ್ಟ ಕಾಯಿಯನ್ನು ಬೀಜಕ್ಕೆ ಇಟ್ಟುಕೊಂಡೆ. ಮಳೆ ಬರುವ ಗಡಿಬಿಡಿ. ಬೀಜ ತೆಗೆದು ಮಧ್ಯಾಹ್ನದ ಬಿಸಿಲಿನಲ್ಲಿ ತಗಡಿನ ಮೇಲೆ ಹರಡಿದೆ. ಮೇಲೆ ಗರಿಗರಿ ಎನ್ನಿಸಿತು. ಬಿಸಿ ಇರುವಾಗಲೇ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದೆ. ಈ ಜನವರಿಯಲ್ಲಿ ತೆರೆದರೆ ಹಳಸಿದ ವಾಸನೆ. ಬೀಜದ ಮೇಲೆ ಬೂದುಬಣ್ಣದ ಬೂಷ್ಟು. ತೊಳೆದು ಒದ್ದೆ ಬಟ್ಟೆಯಲ್ಲಿ 40 ಬೀಜ ಕಟ್ಟಿಟ್ಟೆ. ಐದು ದಿನ, ಎಂಟು ದಿನ. ಒಂದೂ ಮೊಳೆಯಲಿಲ್ಲ.

ನಲವತ್ತು ವರ್ಷ ಅವಳ ಕೈಯಲ್ಲಿ ಉಳಿದದ್ದು ನನ್ನ ಕೈಯಲ್ಲಿ ಒಂದು ವರ್ಷ ಉಳಿಯಲಿಲ್ಲ. ಈ ವಿಷಯವನ್ನು ಮಗನಿಗೆ ಫೋನಿನಲ್ಲೂ ಹೇಳಿರಲಿಲ್ಲ.

ಪೇಟೆಗೆ ಹೋಗಿ ಅಂಗಡಿಯಲ್ಲಿ ಬೀಜದ ಪ್ಯಾಕೆಟ್ ಹಿಡಿದು ನಿಂತೆ. ಮೇಲೆ ಹೈಬ್ರಿಡ್ ಎಂದು ಬರೆದಿತ್ತು. ಹೈಬ್ರಿಡ್ ಬೀಜ ಕೆಟ್ಟದ್ದೇನಲ್ಲ, ಫಸಲು ಹೆಚ್ಚೇ ಬರುತ್ತದೆ. ಆದರೆ ಅದು ಎರಡು ಬೇರೆ ಬೇರೆ ತಳಿಗಳನ್ನು ಕೂಡಿಸಿ ಮಾಡಿದ್ದು. ಅದರ ಕಾಯಿಯಿಂದ ಬೀಜ ತೆಗೆದು ಮರುವರ್ಷ ಹಾಕಿದರೆ ಒಂದು ಬಳ್ಳಿ ಅಜ್ಜನ ಹಾಗೆ, ಒಂದು ಮಾವನ ಹಾಗೆ, ಇನ್ನೊಂದು ಯಾರ ಹಾಗೂ ಇಲ್ಲದೆ ಬರುತ್ತದೆ. ಮೇಲಾಗಿ ಅದು ಅವಳ ಸೌತೆ ಅಲ್ಲ. ಪ್ಯಾಕೆಟನ್ನು ಇದ್ದಲ್ಲೇ ಇಟ್ಟು ಬಂದೆ.

ಬರುವಾಗ ತೋಡಿನಾಚೆಯ ಮನೆಯ ಅಕ್ಕ ಸಿಕ್ಕಿದರು. ಸೌತೆ ಹಾಕಿದಿರಾ ಎಂದು ಕೇಳಿದರು. ಬಾಯಿ ತಪ್ಪಿ ಎಲ್ಲ ಹೇಳಿಬಿಟ್ಟೆ. ಅವರು ನಕ್ಕರು. ನನಗೆ ಸ್ವಲ್ಪ ಸಿಟ್ಟೇ ಬಂತು. ಸಂಜೆ ಕಾಲುಸಂಕ ದಾಟಿ ಒಂದು ಕಾಗದದ ಪೊಟ್ಟಣ ಹಿಡಿದು ಬಂದರು.

"ಇದು ನಿಮ್ಮದೇ ಬೀಜ ಅಣ್ಣ. ಅಕ್ಕ ನನಗೆ ಕೊಟ್ಟು ಹತ್ತು-ಹನ್ನೆರಡು ವರ್ಷ ಆಯ್ತು. ಒಂದು ವರ್ಷ ನಮ್ಮದು ಕೊಳೆತು ಹೋದಾಗ ಪುನಃ ಅವರ ಹತ್ತಿರವೇ ಕೇಳಿ ತಂದಿದ್ದೆ."

ಪೊಟ್ಟಣದಲ್ಲಿ 20 ಬೀಜ ಇತ್ತು. 18 ಮೊಳೆತವು. ಈಗ ಪುಟ್ಟಿ ನೋಡುತ್ತಿದ್ದದ್ದು ಆ ಬಳ್ಳಿಗಳನ್ನೇ.

ಆದ್ದರಿಂದ ಈ ವರ್ಷ ತೋಡಿನಾಚೆಯ ಅಕ್ಕನ ಹತ್ತಿರ ಕೇಳಿ ಕೇಳಿ ಕಲಿತೆ. ಎಪ್ಪತ್ತರ ಮೇಲೆ ಕಲಿಯುವುದರಲ್ಲಿ ಒಂದು ಸುಖ, ಯಾರೂ ಪರೀಕ್ಷೆ ಮಾಡುವುದಿಲ್ಲ. ಕಾಯಿ ಬಿಡುವುದು ಶುರುವಾಗಿ ಭರದಲ್ಲಿರುವಾಗಲೇ ರೋಗವಿಲ್ಲದ ಬಳ್ಳಿ ನೋಡಿ, ಅದರಲ್ಲಿ ಒಳ್ಳೆಯ ಕಾಯಿಗೆ ಗುರುತು ಕಟ್ಟಬೇಕು. ಬಳ್ಳಿ ಒಣಗುವ ತನಕ ಅದು ಅಲ್ಲೇ ಇರಬೇಕು. ತಿಂದು ಮಿಕ್ಕದ್ದು ಬೀಜಕ್ಕಲ್ಲ, ಬೀಜಕ್ಕೆ ಬಿಟ್ಟು ಮಿಕ್ಕದ್ದು ತಿನ್ನಲಿಕ್ಕೆ.

ಪುಟ್ಟಿಯೇ ಆ ಕೆಂಪು ಬಟ್ಟೆಯ ಕಾಯಿಯನ್ನು ಕೊಯ್ದಳು. ಸೀಳಿ ತಿರುಳು ಸಮೇತ ಬೀಜವನ್ನು ಮಣ್ಣಿನ ಪಾತ್ರೆಗೆ ಹಾಕಿ ಸ್ವಲ್ಪ ನೀರು ಬೆರೆಸಿ ಒಂದು ದಿನ ಬಿಟ್ಟೆವು. ಮರುದಿನ ನೊರೆ ಕಟ್ಟಿ ಹುಳಿವಾಸನೆ ಬಂತು. ಪುಟ್ಟಿ ಮೂಗು ಮುಚ್ಚಿಕೊಂಡಳು. ಆ ಹುಳಿಯುವಿಕೆಯಿಂದಲೇ ಬೀಜದ ಮೇಲಿನ ಲೋಳೆ ಬಿಡುವುದು. ಕೈಯಲ್ಲಿ ಉಜ್ಜಿ ನೀರು ತುಂಬಿದರೆ ಜೊಳ್ಳು ತೇಲುತ್ತದೆ, ಗಟ್ಟಿ ಬೀಜ ತಳ ಸೇರುತ್ತದೆ. ತೇಲಿದ್ದನ್ನು ಚೆಲ್ಲಿ, ತಳದ್ದನ್ನು ಬೂದಿಯಲ್ಲಿ ಹೊರಳಿಸಿ ಗೆರಸೆಯಲ್ಲಿ ಹರಡಿದೆವು. ಬೆಳಗ್ಗಿನ ಎಳೆಬಿಸಿಲು ಮಾತ್ರ, ಹತ್ತು ಗಂಟೆಯ ಮೇಲೆ ಜಗಲಿಯ ನೆರಳು. ಒಣಗಿತೋ ಎಂದು ನೋಡಲು ಒಂದು ಬೀಜ ಬಗ್ಗಿಸಬೇಕು. ಬಾಗಿದರೆ ಹಸಿ ಉಂಟು ಎಂದರ್ಥ. ಟಿಕ್ ಎಂದು ಮುರಿದರೆ ಆಯಿತು. ಪುಟ್ಟಿ ದಿನಕ್ಕೆ ಹತ್ತು ಬೀಜ ಮುರಿಯತೊಡಗಿದಾಗ ನಾನು ಪರೀಕ್ಷೆಯನ್ನು ದಿನಕ್ಕೆ ಒಂದಕ್ಕೆ ಇಳಿಸಿದೆ.

ಉಳಿದವು ಇಷ್ಟು ಗೋಳು ಹೊಯ್ಯುವುದಿಲ್ಲ. ಬೆಂಡೆ ಗಿಡದಲ್ಲೇ ಒಣಗಿ ಗೆರೆಗೆರೆಯಾಗಿ ಬಿರಿಯಿತು; ನಾಲ್ಕು ಕಾಯಿಯನ್ನು ಕಟ್ಟಿ ಒಲೆಯ ಮೇಲ್ಗಡೆ ಹೊಗೆಗೆ ತೂಗುಹಾಕಿದ್ದೇನೆ. ಹೀರೆಯನ್ನು ಒಣಗಿಸಿ ಅಲ್ಲಾಡಿಸಿದರೆ ಗಿಲಕಿಯ ಹಾಗೆ ಸದ್ದು. ಬೀಜ ಉದುರಿಸಿದ ಮೇಲೆ ಉಳಿದ ನಾರು ಮೈ ಉಜ್ಜಲಿಕ್ಕೆ. ಅಲಸಂಡೆ ಬೀಜಕ್ಕೆ ಹುಳದ ಕಾಟ ಹೆಚ್ಚು, ಹುಳ ಹೊಲದಲ್ಲೇ ಕೋಡಿನ ಮೇಲೆ ಮೊಟ್ಟೆ ಇಟ್ಟಿರುತ್ತದೆ. ಅದಕ್ಕೆ ಬೂದಿ ಧಾರಾಳವಾಗಿ ಬೆರೆಸಬೇಕು.

ಗಿಡ ಕೀಳುವಾಗ ಒಂದು ತಮಾಷೆ ಆಯಿತು. ಅಲಸಂಡೆಯನ್ನು ಕೀಳಬೇಡ, ಬುಡದಲ್ಲಿ ಕತ್ತರಿಸು ಎಂದೆ. ಯಾಕೆ ಎಂದು ಕೇಳದೆ ಬಿಡುವ ಹುಡುಗಿ ಅಲ್ಲ. ಒಂದನ್ನು ಕಿತ್ತು ಬೇರು ತೋರಿಸಿದೆ. ಸಣ್ಣ ಸಣ್ಣ ಮಣಿಯ ಹಾಗೆ ಗಂಟುಗಳು. ಉಗುರಿನಿಂದ ಮೀಟಿದರೆ ಕಳಚಿ ಬರುತ್ತವೆ. ಅವುಗಳೊಳಗೆ ಇರುವ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗುವಂತೆ ಮಾಡುತ್ತದೆ. ಬೇರು ಮಣ್ಣಿನಲ್ಲೇ ಉಳಿದರೆ ಮುಂದಿನ ಬೆಳೆಗೆ ಗೊಬ್ಬರ. ಪುಟ್ಟಿ ಓಡಿಹೋಗಿ ಒಂದು ಬೆಂಡೆ ಗಿಡ ಕಿತ್ತು ತಂದಳು. "ಅಜ್ಜ, ಇದರಲ್ಲೂ ಗಂಟು ಉಂಟು, ಇನ್ನೂ ದೊಡ್ಡದು!" ನೋಡಿದರೆ ಬೇರೇ ಶುಂಠಿಯ ಹಾಗೆ ಊದಿಕೊಂಡಿದೆ. ಉಗುರು ಹಾಕಿದರೆ ಕಳಚುವುದಿಲ್ಲ. ಅದು ಜಂತುಹುಳದ ರೋಗ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಬೇರಿನೊಳಗೆ ಹೊಕ್ಕು ಮಾಡಿದ್ದು. ಅಂಥ ಬೇರನ್ನು ಹುಡುಕಿ ಕಿತ್ತು ಸುಡಬೇಕು, ಗೊಬ್ಬರದ ಗುಂಡಿಗೆ ಹಾಕಬಾರದು. ಅವಳು ಕಿತ್ತು ತಂದಿರದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಮುಂದಿನ ವರ್ಷ ಆ ಸಾಲಿಗೆ ಬೆಂಡೆಯೂ ಇಲ್ಲ, ಬದನೆಯೂ ಇಲ್ಲ.

ಕೊಯ್ದ ಸೌತೆ ಎಣಿಸಿದರೆ 41. ಬಾಳೆನಾರಿನಿಂದ ಕಟ್ಟಿ ಅಟ್ಟದ ಪಕ್ಕಾಸಿಗೆ ನೇತುಹಾಕಿದೆವು. ಒಂದಕ್ಕೊಂದು ತಾಗಬಾರದು, ಒಂದು ಕೊಳೆತರೆ ಪಕ್ಕದ್ದೂ ಕೊಳೆಯುತ್ತದೆ. ಗಾಳಿಯಾಡುತ್ತಿದ್ದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಹೊರಗೆ ಕಾಲಿಡಲಾಗದ ಮಳೆಯಲ್ಲಿ ಒಂದನ್ನು ಇಳಿಸಿ ಹಲಸಿನ ಬೀಜದ ಜೊತೆ ಹುಳಿ ಮಾಡಿದರೆ ಬೇರೆ ಪಲ್ಯ ಬೇಡ. ಏಣಿ ಹತ್ತಲು ನನ್ನ ಮೊಣಕಾಲು ಒಪ್ಪದ್ದರಿಂದ ಗಂಟು ಹಾಕಿದ್ದು ಪುಟ್ಟಿ. ರಾತ್ರಿ ಎರಡು ಗಂಟೆಗೆ ಧೊಪ್ ಎಂದು ಸದ್ದು. ಕಳ್ಳ ಬಂದ ಎಂದು ಎಲ್ಲರೂ ಎದ್ದೆವು. ಬೆಳಗ್ಗೆ ಸಾಂಬಾರಿಗೆ ಸೌತೆ ಹುಡುಕಬೇಕಾಗಲಿಲ್ಲ. ಈಗ ಅಟ್ಟದಲ್ಲಿ 40.

ಚಪ್ಪರ ಬಿಚ್ಚಿ ಕೋಲುಗಳನ್ನು ಹಟ್ಟಿಯ ಮಾಡಿನಡಿಗೆ ಸೇರಿಸಿದ್ದಾಯಿತು. ಸಾಲಿನ ಮೇಲೆ ದಪ್ಪಕ್ಕೆ ಸೊಪ್ಪು, ತರಗೆಲೆ ಮುಚ್ಚಿದ್ದೇವೆ, ಇಲ್ಲವಾದರೆ ನಮ್ಮ ಕಡೆಯ ಮಳೆ ಮೇಲ್ಮಣ್ಣನ್ನೆಲ್ಲ ತೋಡಿಗೆ ಹೊತ್ತೊಯ್ಯುತ್ತದೆ. ನೀರು ಹರಿಯಲು ಅಂಚಿಗೆ ಕಣಿ ತೆಗೆದದ್ದೂ ಆಯಿತು. ಒಂದು ಮೂಲೆಯಲ್ಲಿ ಏರಿ ಎತ್ತರಿಸಿ ಮುಳ್ಳುಸೌತೆ ಬೀಜ ಊರಿದ್ದೇವೆ, ಚೌತಿಯ ಹೊತ್ತಿಗೆ ಕಾಯಿ ಸಿಗಬೇಕು.

ಮಕ್ಕಳೇ, ಇದನ್ನೆಲ್ಲ ಹೇಳುವಾಗ ಪುಟ್ಟಿಗೆ ಇನ್ನೊಂದು ಸಂಗತಿಯನ್ನೂ ಹೇಳಿದೆ, ನಿಮಗೂ ಹೇಳುತ್ತೇನೆ. ನಾರ್ವೆ ದೇಶಕ್ಕೆ ಸೇರಿದ ಸ್ವಾಲ್‌ಬಾರ್ಡ್ ಎಂಬ ಹಿಮದ ದ್ವೀಪಗಳಲ್ಲಿ ಗುಡ್ಡ ಕೊರೆದು ಒಂದು ಬೀಜದ ಉಗ್ರಾಣ ಮಾಡಿದ್ದಾರೆ. 2008ರಲ್ಲಿ ಶುರುವಾಯಿತು. ಒಳಗೆ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿ. ಬೇರೆ ಬೇರೆ ದೇಶಗಳ ಬೀಜ ಬ್ಯಾಂಕುಗಳು ತಮ್ಮ ಬೀಜದ ಒಂದು ಪಾಲನ್ನು ಅಲ್ಲಿ ಇಡುತ್ತವೆ. ಸಿರಿಯಾದ ಅಲೆಪ್ಪೊ ಊರಿನ ಹತ್ತಿರ ಇಕಾರ್ಡಾ ಎಂಬ ಸಂಸ್ಥೆಯ ಬೀಜ ಬ್ಯಾಂಕ್ ಇತ್ತು. ಯುದ್ಧದಿಂದ ಅಲ್ಲಿ ಕೆಲಸ ನಡೆಸಲಾಗದಂತಾಯಿತು. 2015ರಲ್ಲಿ ಆ ಸಂಸ್ಥೆಯವರು ತಾವು ಇಟ್ಟಿದ್ದ ಬೀಜವನ್ನು ಸ್ವಾಲ್‌ಬಾರ್ಡ್‌ನಿಂದ ಹಿಂದಕ್ಕೆ ಪಡೆದು ಲೆಬನಾನ್ ಮತ್ತು ಮೊರಾಕ್ಕೊದಲ್ಲಿ ಬಿತ್ತಿ ಬೆಳೆದರು. 2017ರಲ್ಲಿ ಹೊಸ ಬೀಜವನ್ನು ಮತ್ತೆ ಅಲ್ಲಿಗೆ ಕಳಿಸಿದರು.

ಪುಟ್ಟಿ ಸ್ವಲ್ಪ ಹೊತ್ತು ಯೋಚಿಸಿ, "ತೋಡಿನಾಚೆಯ ಅಜ್ಜಿಯ ಮನೆಯಲ್ಲಿ ಫ್ರಿಜ್ ಉಂಟಾ?" ಎಂದಳು.

ನಿನ್ನೆ ಬೀಜ ಪೂರ್ತಿ ಒಣಗಿತು. ಪುಟ್ಟಿ ಎಣಿಸಿ ಮೂರು ಪಾಲು ಮಾಡಿದಳು. ಒಂದು ಪಾಲು ಬೂದಿ ಬೆರೆಸಿ ಕರಟದಲ್ಲಿ ಹಾಕಿ ಬಟ್ಟೆ ಕಟ್ಟಿ ಒಲೆಯ ಮೇಲಿನ ಹಲಗೆಯಲ್ಲಿದೆ. ಅಜ್ಜಿ ಎಲ್ಲಿ ಇಡುತ್ತಿದ್ದಳೋ ನನಗೆ ಈಗಲೂ ಗೊತ್ತಿಲ್ಲ, ಇದು ನನ್ನ ಜಾಗ. ಇನ್ನೊಂದು ಪಾಲು ಪುಟ್ಟಿಯ ಚೀಲದಲ್ಲಿದೆ. ಬೆಂಗಳೂರಿನ ಅವರ ಮನೆಯ ತಾರಸಿಯಲ್ಲಿ ಎರಡು ದೊಡ್ಡ ಕುಂಡಗಳಿವೆಯಂತೆ. ಪೊಟ್ಟಣದ ಮೇಲೆ ತಾರೀಖು ಬರೆದು, ಕೆಳಗೆ "ಅಜ್ಜಿಯ ಸೌತೆ, ಪ್ಲಾಸ್ಟಿಕ್ ಡಬ್ಬಿ ಬೇಡ" ಎಂದು ಬರೆದಿದ್ದಾಳೆ.

ಮೂರನೆಯ ಪಾಲು ನನ್ನ ಅಂಗಿಯ ಜೇಬಿನಲ್ಲಿದೆ. ತೋಡಿನಾಚೆಯ ಅಕ್ಕ ಈ ವರ್ಷ ಸೌತೆ ಹಾಕಿರಲಿಲ್ಲ, ಮಗಳ ಬಾಣಂತನಕ್ಕೆ ಹೋಗಿದ್ದರು. ಮಳೆ ಹಿಡಿದರೆ ತೋಡು ತುಂಬಿ ಕಾಲುಸಂಕ ಮುಳುಗುತ್ತದೆ, ಆಮೇಲೆ ರಸ್ತೆಯಲ್ಲಿ ಸುತ್ತಿ ಎರಡು ಮೈಲು. ಪಡುವಣದಲ್ಲಿ ಆಗಲೇ ಒಂದು ಸಲ ಗುಡುಗಿತು. ಪುಟ್ಟಿ ಅಂಗಳದಲ್ಲಿ ಕೊಡೆ ಹಿಡಿದು ನಿಂತಿದ್ದಾಳೆ. ಬರೆಯುವುದನ್ನು ಇಲ್ಲಿಗೆ ನಿಲ್ಲಿಸಿ ಹೋಗಿಬರುತ್ತೇನೆ.